ನೀರಿಗೆ ಹಾಕಿದ ಕೂಡಲೇ ‘ಟಿಣ್’ ಅಂತು, ಚಾಕು ಸೀಳಿತು. ತಪ್ಪು ಎಲ್ಲಾಯ್ತು?

ಸಾಣೆಕಲ್ಲು, ಹುಬ್ಬಳ್ಳಿ – ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇದು ನನ್ನ ಮೂರನೇ ಚಾಕು. ಮೊದಲಿನ ಎರಡಕ್ಕೂ ಬಾಯಿ ನಿಲ್ಲಲಿಲ್ಲ. ನಾಲ್ಕು ಟೊಮೆಟೊ ಹೆಚ್ಚುವಷ್ಟರಲ್ಲಿ ಮೊಂಡು. ಅದಕ್ಕೇ ಈ ಸಲ ಹದ ಗಟ್ಟಿ ಇರಲಿ ಅಂತ ಎಣ್ಣೆ ಬಿಟ್ಟು ಸೀದಾ ನೀರಿಗೆ ಹಾಕಿದೆ.

ಉಕ್ಕು ಲಾರಿ ಕಮಾನ್ ಪಟ್ಟಿಯದು (ಭಾರ ಹೊರುವ ಸ್ಪ್ರಿಂಗ್ ಪಟ್ಟಿ). ಗಬ್ಬೂರು ಬೈಪಾಸ್ ಕಡೆ ಗುಜರಿಯಲ್ಲಿ ಸಿಕ್ಕಿತು. ಅಲಗು 8 ಇಂಚು. ಹಿತ್ತಲಲ್ಲಿ ಹಳೆ ಬ್ರೇಕ್ ಡ್ರಮ್ಮಿನ ಕುಲುಮೆ ಮಾಡಿಕೊಂಡಿದ್ದೇನೆ. ಗಾಳಿಗೆ ಹೇರ್ ಡ್ರೈಯರ್, ಉರಿಗೆ ಜಾಲಿ ಇದ್ದಿಲು. ಚೆನ್ನಾಗಿ ಕೆಂಪಾಗುವ ತನಕ ಕಾಯಿಸಿ ಬಕೆಟ್ ನೀರಿಗೆ ಅದ್ದಿದೆ. ಒಂದು, ಎರಡು ಅನ್ನುವಷ್ಟರಲ್ಲಿ ಬಳೆ ಒಡೆದ ಹಾಗೆ ‘ಟಿಣ್’ ಅಂತು. ತೆಗೆದು ನೋಡಿದರೆ ಬಾಯಿಯಿಂದ ಬೆನ್ನಿನ ಕಡೆಗೆ ಕೂದಲೆಳೆಯಂಥ ಗೆರೆ. ಮೂರು ವಾರದ ಕೆಲಸ. ಸಿಟ್ಟಿಗೆ ಅಡಿಗಲ್ಲಿಗೆ ಬಡಿದೆ, ಎರಡು ತುಂಡಾಯಿತು.

ಉಕ್ಕು ಉಜ್ಜುವ ಅರ ಹಾಕಿ ನೋಡಿದ್ದೆ. ಗಾಜಿನ ಮೇಲೆ ಎಳೆದ ಹಾಗೆ ಜಾರುತ್ತಿತ್ತು. ಅಂದರೆ ಹದ ಬಂದಿತ್ತು ಅಲ್ವಾ? ಮತ್ತೆ ಯಾಕೆ ಒಡೆಯಿತು?

ಹೊಲದ ದಾರಿ, ಹಾವೇರಿ – ಭಾನುವಾರ, ರಾತ್ರಿ 9:52

ಲಾರಿ ಪಟ್ಟಿ ನೀರಿಗೆ ಹಾಕಬಾರದು. ಎಣ್ಣೆಗೆ ಹಾಕಬೇಕು. ಮುಗೀತು.

ಕುಲುಮೆ ಮನಿ, ಗದಗ – ಭಾನುವಾರ, ರಾತ್ರಿ 10:15

ಅಷ್ಟು ಲಗೂನ ಮುಗಿಸಬ್ಯಾಡ್ರಿ ಅಣ್ಣಾರ. ನಮ್ಮ ಅಪ್ಪ 40 ವರ್ಷದಿಂದ ಕುಡುಗೋಲು, ಕುರ್ಪಿ, ಕೊಡಲಿ ಎಲ್ಲ ನೀರಿಗೇ ಹಾಕುತ್ತಾ ಬಂದಿದ್ದಾರೆ. ಅದರಲ್ಲಿ ಬೇಕಾದಷ್ಟು ಕಮಾನ್ ಪಟ್ಟಿಯವೇ. ಎಲ್ಲೋ ಒಂದೊಂದು ಸೀಳುತ್ತದೆ, ಇಲ್ಲ ಅನ್ನಲ್ಲ.

ಆದರೆ ಅವರು ಹಾಕುವ ರೀತಿ ಬೇರೆ. ಇಡೀ ಅಲಗು ಮುಳುಗಿಸುವುದಿಲ್ಲ. ಬಾಯಿ ಮಾತ್ರ, ಅರ್ಧ ಬೆರಳಷ್ಟು. ಬೆನ್ನು ಇನ್ನೂ ಕೆಂಪಗೇ ಇರುತ್ತದೆ. ಎರಡು ಎಣಿಸಿ ತೆಗೆದು, ಬಾಯಿಯನ್ನು ಮುರುಕು ಸಾಣೆಕಲ್ಲಿಗೆ ಸರಕ್ ಸರಕ್ ಅಂತ ಉಜ್ಜುತ್ತಾರೆ. ಅಲ್ಲಿ ಬೆಳ್ಳಗೆ ಹೊಳೆಯುತ್ತದೆ. ಆಮೇಲೆ ಕಾಯುವುದು. ಬೆನ್ನಿನ ಬಿಸಿ ಮೆಲ್ಲಗೆ ಬಾಯಿಗೆ ಇಳಿಯುತ್ತದೆ, ಅದರ ಜೊತೆ ಬಣ್ಣವೂ ಇಳಿಯುತ್ತದೆ. ಮೊದಲು ಗೋಧಿ ಬಣ್ಣ. ಅದರ ಹಿಂದೆ ಬೆಲ್ಲದ ಬಣ್ಣ. ಅದರ ಹಿಂದೆ ನೇರಳೆ ಹಣ್ಣಿನ ಬಣ್ಣ. ಕೊನೆಗೆ ನವಿಲಿನ ಕೊರಳು. ಕುಡುಗೋಲಾದರೆ ನೇರಳೆ ಬಾಯಿಗೆ ಮುಟ್ಟಿದ ಕೂಡಲೇ ಪೂರ್ತಿ ನೀರಿಗೆ. ಕೊಡಲಿಗೆ ನವಿಲುಗೊರಳು ಬರುವ ತನಕ ತಡೆಯುತ್ತಾರೆ, ಅದು ಪೆಟ್ಟು ತಿನ್ನಬೇಕಲ್ಲ.

ನಾನು ಐದನೇ ಇಯತ್ತೆ ಇದ್ದಾಗ ಗಾಳಿ ತಿರುವುತ್ತಾ ಇದನ್ನೇ ನೋಡುತ್ತಾ ಕೂತಿರುತ್ತಿದ್ದೆ. ಮುಂಗಾರಿಗೆ ಮುಂಚೆ ಕುಳ ಹಣಿಸಲು ಸಾಲುಗಟ್ಟಿ ಬರುತ್ತಿದ್ದರು. ಆಗ ಆಯ ಅಂತ ಜೋಳ ಕೊಡುತ್ತಿದ್ದರು, ಈಗ ರೊಕ್ಕ.

ನೀವು ಇಡೀ ಅಲಗು ಮುಳುಗಿಸಿದ್ದೀರಿ ಅನ್ನಿಸುತ್ತದೆ. ನೀರು ಒಂದೇ ಕಾರಣ ಅಲ್ಲ ಅಂತ ನನ್ನ ಲೆಕ್ಕ.

ಬಿ ಶಿಫ್ಟ್ – ಭಾನುವಾರ, ರಾತ್ರಿ 11:30

ಈಗ ಶಿಫ್ಟ್ ಮುಗಿಸಿ ಬಂದೆ. ಗೋಕುಲ ರೋಡ್ ಕಡೆ ಉಕ್ಕಿಗೆ ಹದ ಕೊಡುವ ಒಂದು ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ ಫರ್ನೇಸ್ ನೋಡಿಕೊಳ್ಳುತ್ತೇನೆ. ಗೇರು, ಪಿನ್ನು, ಬುಷ್ ಇಂಥದ್ದೇ ಕೆಲಸ. ಸಾಣೆಕಲ್ಲು ಅವರೇ, ಮೂರು ಪ್ರಶ್ನೆ.

ಕಾಯಿಸಿದ್ದು ದಿನದ ಎಷ್ಟು ಹೊತ್ತಿಗೆ?
ಅದ್ದುವಾಗ ಬಾಯಿ ಎಷ್ಟು ತೆಳು ಇತ್ತು?
ಮುರಿದ ಮುಖ ಹೇಗಿದೆ? ಬಿಸಾಕಿಲ್ಲ ತಾನೆ? ಬೆಳಕಿಗೆ ಹಿಡಿದು ನೋಡಿ ಹೇಳಿ.

ಸಾಣೆಕಲ್ಲು, ಹುಬ್ಬಳ್ಳಿ – ಸೋಮವಾರ, ಬೆಳಿಗ್ಗೆ 7:10

ಹೊತ್ತು ಯಾಕೆ ಕೇಳ್ತೀರಿ ಗೊತ್ತಾಗಲಿಲ್ಲ. ಊಟಕ್ಕೆ ಮುಂಚೆ, ಸುಮಾರು 1 ಗಂಟೆ. ಹಿತ್ತಲಲ್ಲಿ ನೆರಳಿಲ್ಲ.

ಬಾಯಿ ಆಗಲೇ ಸಾಣೆ ಹಿಡಿದು ಬ್ಲೇಡಿನ ಹಾಗೆ ಮಾಡಿಟ್ಟಿದ್ದೆ. ಗಟ್ಟಿಯಾದ ಮೇಲೆ ಉಜ್ಜೋದು ಕಷ್ಟ ಅಂತ.

ಮುರಿದ ಮುಖ ಮಿಣ ಮಿಣ ಅನ್ನುತ್ತದೆ. ಕಣ ಕಣ ಬಿಡಿಯಾಗಿ ಕಾಣುತ್ತವೆ. ಉಪ್ಪಿಟ್ಟಿನ ರವಾ ಇರುತ್ತಲ್ಲ, ಹಾಗೆ. ಅವ್ವನಿಗೆ ತೋರಿಸಿದೆ, ‘ಇದೇನು ಸಕ್ಕರಿ ಅಂಟಿದಂಗ ಐತಿ’ ಅಂದಳು.

ಬಿ ಶಿಫ್ಟ್ – ಸೋಮವಾರ, ಬೆಳಿಗ್ಗೆ 10:05

ನಿಮ್ಮ ಅವ್ವ ಸರಿಯಾಗಿ ಹೇಳಿದ್ದಾರೆ. ತಪ್ಪು ಅಲ್ಲೇ ಇದೆ.

ಬಿಸಿಲಲ್ಲಿ ಕೆಂಪು ಮಂಕಾಗಿ ಕಾಣುತ್ತದೆ. ಇನ್ನೂ ಕಾದಿಲ್ಲ ಅಂತ ಗಾಳಿ ಹಾಕುತ್ತಾ ಹೋಗುತ್ತೀರಿ. ಮಟಮಟ ಮಧ್ಯಾಹ್ನದಲ್ಲಿ ನಿಮಗೆ ‘ಚೆನ್ನಾಗಿ ಕೆಂಪು’ ಅಂತ ಕಂಡದ್ದು ಕತ್ತಲ ಕೋಣೆಯಲ್ಲಿ ಕಿತ್ತಳೆ ಬಣ್ಣ. ಅಂದರೆ 1000 ಡಿಗ್ರಿ ಹತ್ತಿರ ಹೋಗಿದ್ದೀರಿ. ಈ ಉಕ್ಕಿಗೆ ಬೇಕಾದದ್ದು ಸುಮಾರು 830ರಿಂದ 860.

ಜಾಸ್ತಿ ಕಾಯಿಸಿದರೆ ಏನಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉಕ್ಕು ಅಂದರೆ ಕಬ್ಬಿಣದಲ್ಲಿ ಸ್ವಲ್ಪ ಕಾರ್ಬನ್. ಕಮಾನ್ ಪಟ್ಟಿಯಲ್ಲಿ 0.5ರಿಂದ 0.6 ಪರ್ಸೆಂಟ್, ಜೊತೆಗೆ ಸಿಲಿಕಾನ್ ಅಥವಾ ಕ್ರೋಮಿಯಂ. 727 ಡಿಗ್ರಿ ದಾಟಿದರೆ ಕಬ್ಬಿಣದ ಹರಳಿನ ಜೋಡಣೆ ಬದಲಾಗಲು ಶುರುವಾಗುತ್ತದೆ, ಕಾರ್ಬನ್ ಅದರೊಳಗೆ ಕರಗುತ್ತದೆ. ಸಾವಕಾಶ ಆರಲು ಬಿಟ್ಟರೆ ಕಾರ್ಬನ್ ಮತ್ತೆ ಹೊರಗೆ ಬಂದು ಪದರ ಪದರವಾಗಿ ಕೂರುತ್ತದೆ. ಉಕ್ಕು ಮೆತ್ತಗಾಗುತ್ತದೆ. ಗಬಕ್ಕನೆ ತಣಿಸಿದರೆ ಹೊರಬರಲು ಅದಕ್ಕೆ ಹೊತ್ತೇ ಸಿಗುವುದಿಲ್ಲ. ಒಳಗೇ ಸಿಕ್ಕಿಬೀಳುತ್ತದೆ, ಹರಳು ಸೆಟೆದು ನಿಲ್ಲುತ್ತದೆ. ಅದಕ್ಕೆ ಮಾರ್ಟೆನ್ಸೈಟ್ ಅಂತಾರೆ. ನಿಮ್ಮ ಅರ ಜಾರಿದ್ದು ಇದರ ಮೇಲೆ.

ಈ ಮಾರ್ಪಾಡಿನಲ್ಲಿ ಉಕ್ಕು ಒಂಚೂರು ಉಬ್ಬುತ್ತದೆ. ತೆಳ್ಳಗಿನ ಬಾಯಿ ಮೊದಲು ತಣಿದು, ಉಬ್ಬಿ, ಗಟ್ಟಿಯಾಗಿ ಕೂತುಬಿಟ್ಟಿರುತ್ತದೆ. ಬೆನ್ನು ಆಮೇಲೆ ಉಬ್ಬಲು ಹೋಗುತ್ತದೆ. ಬಾಯಿ ಬಗ್ಗಲ್ಲ, ಬೆನ್ನು ಬಿಡಲ್ಲ. ನೀರು ಬೇಗ ತಣಿಸುವುದರಿಂದ ಈ ಎಳೆದಾಟ ಜಾಸ್ತಿ. ಅದರ ಮೇಲೆ ನೀವು ಬಾಯಿಯನ್ನು ಬ್ಲೇಡು ಮಾಡಿಟ್ಟಿದ್ದಿರಿ. ಅದ್ದುವಾಗ ಬಾಯಿ ಕನಿಷ್ಠ 1 ಮಿ.ಮೀ. ಆದರೂ ದಪ್ಪ ಇರಬೇಕು. ಉಳಿದದ್ದು ಆಮೇಲೆ ಉಜ್ಜಿ ತೆಗೆಯುವುದು. ಕಷ್ಟ ಅಂದರೂ ಅಷ್ಟೇ.

ಇನ್ನು ರವಾ. ಉಕ್ಕು ಅಂದರೆ ಒಂದಕ್ಕೊಂದು ಅಂಟಿಕೊಂಡ ಸಣ್ಣ ಸಣ್ಣ ಕಣ. ಬಿಸಿ ಜಾಸ್ತಿ ಆದಷ್ಟೂ, ಹೊತ್ತು ಜಾಸ್ತಿ ಆದಷ್ಟೂ ಪಕ್ಕದ ಕಣಗಳನ್ನು ನುಂಗಿ ದಪ್ಪ ಆಗುತ್ತವೆ. ದಪ್ಪ ಕಣದ ಉಕ್ಕು ಗಡಸು ಇರುತ್ತದೆ, ಆದರೆ ಬಿರುಕು ಒಮ್ಮೆ ಶುರುವಾದರೆ ತಡೆಯುವವರೇ ಇಲ್ಲ. ಸರಸರ ಅಂತ ಆಚೆ ತನಕ ಹೋಗುತ್ತದೆ. ಸರಿಯಾದ ಹದದ ಉಕ್ಕು ಮುರಿದರೆ ಮುಖ ಹೊಳೆಯುವುದಿಲ್ಲ. ಮಂಕು ಬೂದಿ ಬಣ್ಣ, ಮೈದಾ ಹಿಟ್ಟಿನಷ್ಟು ನುಣುಪು. ಕಣ ಕಣ್ಣಿಗೆ ಕಾಣಲೇಬಾರದು.

ಅಂದಹಾಗೆ, ಆ ಮುಖದಲ್ಲಿ ಎಲ್ಲಾದರೂ ಕಪ್ಪು ಕಿಟ್ಟ ಕಟ್ಟಿದ ಮಚ್ಚೆ ಇದೆಯಾ?

ಸಾಣೆಕಲ್ಲು, ಹುಬ್ಬಳ್ಳಿ – ಸೋಮವಾರ, ಮಧ್ಯಾಹ್ನ 1:20

ಇಲ್ಲ. ಎಲ್ಲ ಕಡೆ ಒಂದೇ ಬೆಳ್ಳಿ ಬಣ್ಣ. ಬಾಯಿ ಹತ್ತಿರ ಸ್ವಲ್ಪ ತುಕ್ಕಿನ ನೀರು ಕಲೆ ಇದೆ, ಅಷ್ಟೇ.

ಬಿ ಶಿಫ್ಟ್ – ಸೋಮವಾರ, ಮಧ್ಯಾಹ್ನ 1:35

ಹಾಗಾದರೆ ಪಟ್ಟಿಯಲ್ಲಿ ಹಳೆ ಬಿರುಕು ಇರಲಿಲ್ಲ. ಓಡಿದ ಕಮಾನ್ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರುತ್ತವೆ. ಅಂಥದ್ದು ಕುಲುಮೆಯಲ್ಲಿ ಕಾದಾಗ ಬಿರುಕಿನ ಒಳಗೂ ಕಿಟ್ಟ ಕಟ್ಟುತ್ತದೆ, ಮುರಿದರೆ ಕಪ್ಪಗೆ ಕಾಣುತ್ತದೆ. ನಿಮ್ಮದು ನೀರಿನಲ್ಲೇ ಹುಟ್ಟಿದ ಬಿರುಕು. ಗುಜರಿಯವನ ತಪ್ಪಿಲ್ಲ.

ಹೊಲದ ದಾರಿ, ಹಾವೇರಿ – ಸೋಮವಾರ, ಮಧ್ಯಾಹ್ನ 2:00

ನೀರಿನಲ್ಲೇ ಹುಟ್ಟಿದ್ದು ಅಂತ ನೀವೇ ಒಪ್ಪಿದಿರಲ್ಲ! ನಾನು ಒಂದೇ ಸಾಲಲ್ಲಿ ಹೇಳಿದ್ದೆ.

ಬಿ ಶಿಫ್ಟ್ – ಸೋಮವಾರ, ಮಧ್ಯಾಹ್ನ 2:12

ಸರಿ ಸರಿ. ಆದರೆ ಅದೇ ಬಿಸಿಯಲ್ಲಿ ಎಣ್ಣೆಗೆ ಹಾಕಿದ್ದರೆ ಏನಾಗುತ್ತಿತ್ತು ಗೊತ್ತಾ? ಸೀಳುತ್ತಿರಲಿಲ್ಲ. ಅರ ಜಾರುತ್ತಿತ್ತು. ಇವರು ಖುಷಿಯಾಗಿ ಹಿಡಿ ಹಾಕಿ ಅಡುಗೆ ಮನೆಗೆ ಕೊಡುತ್ತಿದ್ದರು. ಒಂದು ದಿನ ಒಣ ಕೊಬ್ಬರಿ ಕೊರೆಯುವಾಗ ಬಾಯಿ ಮುಕ್ಕಾಗುತ್ತಿತ್ತು. ಆಗ ಉಕ್ಕೇ ಸರಿ ಇಲ್ಲ ಅಂತ ಬೈಯುತ್ತಿದ್ದೆವು. ನೀರಿಗೆ ಹಾಕಿದ್ದಕ್ಕೆ ತಪ್ಪು ಅವತ್ತೇ ಸಿಕ್ಕಿಬಿತ್ತು.

ಕುಲುಮೆ ಮನಿ, ಗದಗ – ಸೋಮವಾರ, ಸಂಜೆ 6:45

ಹೊತ್ತಿನ ಮಾತು ಅಪ್ಪನಿಗೆ ಓದಿ ಹೇಳಿದೆ. ನಕ್ಕರು. ಕೆಲಸದ ಕಡೆ ತೆರೆದ ಬಾಗಿಲಿಗೆ ಅವರು ಗೋಣಿಚೀಲ ಬಿಚ್ಚಿ ಪರದೆ ಕಟ್ಟಿರುತ್ತಾರೆ. ಬಿಸಿಲಿಗೆ ಕಟ್ಟಿದ್ದು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ‘ಬಿಸಿಲಿಗಲ್ಲೋ, ಬಣ್ಣ ಕಾಣಲಿ ಅಂತ’ ಅಂದರು. ಇದೇ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಈಗ ಗೊತ್ತಾಗುತ್ತಿದೆ.

ಹಳೇ ಓಲೆ – ಸೋಮವಾರ, ರಾತ್ರಿ 8:30

ಚರ್ಚೆ ಚೆನ್ನಾಗಿದೆ. ಒಂದು ಮಾತು ಸೇರಿಸುತ್ತೇನೆ. ದಕ್ಷಿಣ ಭಾರತದ ಮೂಸೆ ಉಕ್ಕನ್ನು (ಮಣ್ಣಿನ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕು) ಯುರೋಪಿನವರು ‘ವೂಟ್ಸ್’ ಅಂತ ಕರೆದರು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಮೇಲೆ ಪ್ರಬಂಧ ಓದಿದ. ಆ ಹೆಸರು ನಮ್ಮ ‘ಉಕ್ಕು’ ಶಬ್ದದಿಂದಲೇ ಹೋದದ್ದು ಅಂತ ತುಂಬಾ ಜನ ವಿದ್ವಾಂಸರು ಹೇಳುತ್ತಾರೆ. ಗದಗದ ಹತ್ತಿರ ಕಪ್ಪತಗುಡ್ಡದಲ್ಲೇ ಕಬ್ಬಿಣದ ಅದಿರು ಇದೆ. ಇಂಥ ನೆಲದವರು ನಾವು, ಲಾರಿ ಪಟ್ಟಿ ಹುಡುಕುತ್ತಿದ್ದೇವೆ!

ಕುಲುಮೆ ಮನಿ, ಗದಗ – ಸೋಮವಾರ, ರಾತ್ರಿ 8:41

ಓಲೆ ಸರ್, ಮೂಸೆ ಉಕ್ಕಿಗೂ ಇದೇ ಕಥೆ. ಅದರಲ್ಲಿ ಕಾರ್ಬನ್ ಇನ್ನೂ ಜಾಸ್ತಿ, ಬಿಸಿ ಜಾಸ್ತಿ ಆದರೆ ಸುತ್ತಿಗೆ ಕೆಳಗೇ ಪುಡಿಯಾಗುತ್ತದೆ ಅಂತ ಓದಿದ್ದೇನೆ. ಕಪ್ಪತಗುಡ್ಡ ಹಾಗೇ ಇರಲಿ ಬಿಡ್ರಿ, ಲಾರಿ ಪಟ್ಟಿನೇ ಸಾಕು.

ಒಲೆ ಮುಂದಿನ ಅಕ್ಕ, ಧಾರವಾಡ – ಮಂಗಳವಾರ, ಬೆಳಿಗ್ಗೆ 11:15

ಚಾಕು ಮಾಡಲು ನನಗೆ ಬರಲ್ಲ, ಆದರೆ ಓದ್ತಾ ಇದ್ದೀನಿ. ನನ್ನ ತಮ್ಮನಿಗೂ ಇದೇ ಹುಚ್ಚು. ಮೊನ್ನೆ ನಾನು ಕೇಕ್ ಮಾಡುವ ಓಟಿಜಿಯಲ್ಲಿ ಒಂದು ಅಲಗು ಇಟ್ಟು 200 ಡಿಗ್ರಿ ಅಂತ ತಿರುಗಿಸಿ ಹೋಗಿದ್ದ. ಬಂದು ನೋಡಿದರೆ ಅರ್ಧ ಹಳದಿ, ಅರ್ಧ ನೀಲಿ. ಇದು ಯಾಕೆ ಹೀಗೆ? ಓವನ್ ಕೆಟ್ಟಿದೆ ಅಂತ ನನಗೇ ಹೇಳ್ತಾನೆ.

ಬಿ ಶಿಫ್ಟ್ – ಮಂಗಳವಾರ, ಮಧ್ಯಾಹ್ನ 12:30

ಕೆಟ್ಟಿಲ್ಲ ಅಕ್ಕಾ. ಓಟಿಜಿಯ ಗುಣವೇ ಹಾಗೆ. ಕಾಯಿಲ್ ಕೆಂಪಾದಾಗ ಒಳಗಿನ ಬಿಸಿ ಹೇಳಿದ್ದಕ್ಕಿಂತ ಮೇಲೆ ಹೋಗುತ್ತದೆ, ಆರಿದಾಗ ಕೆಳಗಿಳಿಯುತ್ತದೆ. ಕೇಕ್ ತಡೆದುಕೊಳ್ಳುತ್ತದೆ. ತೆಳು ಅಲಗು ಕಾಯಿಲ್ ಎದುರಿಗೆ ಇದ್ದರೆ ಆ ಭಾಗ ನೇರವಾಗಿ ಕಾಯುತ್ತದೆ, 300 ಹತ್ತಿರ ಹೋದರೆ ನೀಲಿ. ಅಲ್ಲಿ ಹದ ಇಳಿದು ಹೋಯಿತು ಅಂತಲೇ ಲೆಕ್ಕ.

ಒಂದು ಸ್ಟೀಲ್ ತಟ್ಟೆಯಲ್ಲಿ ಮರಳು ತುಂಬಿ ಮೊದಲು ಅದನ್ನು ಅರ್ಧ ಗಂಟೆ ಕಾಯಿಸಲಿ. ಒಳಗೆ ಓವನ್ ಥರ್ಮಾಮೀಟರ್ ಇಡಲಿ, ಗುಂಡಿಯ ಮೇಲಿನ ನಂಬರ್ ನಂಬಬಾರದು. ಬಿಸಿ ಒಂದೇ ಸಮ ಆದ ಮೇಲೆ ಅಲಗನ್ನು ಮರಳಲ್ಲಿ ಹೂತಿಡಲಿ. 200 ಡಿಗ್ರಿಯಲ್ಲಿ ಎರಡು ಗಂಟೆ, ತೆಗೆದು ಆರಿಸಿ ಮತ್ತೆ ಎರಡು ಗಂಟೆ. ಅಡುಗೆ ಮನೆಯ ಚಾಕುವಿಗೆ ಗೋಧಿ ಬಣ್ಣ ಸಾಕು.

ಗದಗದವರು ಹೇಳಿದ ಬಣ್ಣಕ್ಕೆ ಡಿಗ್ರಿ ಹೇಳಬೇಕು ಅಂದರೆ ಗೋಧಿ ಸುಮಾರು 220, ಬೆಲ್ಲ 255, ನೇರಳೆ 275, ನವಿಲುಗೊರಳು 295–300. ಆದರೆ ಬಣ್ಣ ಅಂದರೆ ಮೇಲೆ ಕಟ್ಟುವ ಆಕ್ಸೈಡ್ ಪೊರೆ ಮಾತ್ರ. ಹೊತ್ತು ಜಾಸ್ತಿ ಇಟ್ಟರೂ ಬಣ್ಣ ಗಾಢ ಆಗುತ್ತದೆ. ಕುಲುಮೆಯಲ್ಲಿ ಅರ್ಧ ನಿಮಿಷದಲ್ಲಿ ಓಡುವ ಬಣ್ಣಕ್ಕೂ ಎರಡು ಗಂಟೆ ಓವನ್ನಿನಲ್ಲಿ ಇಟ್ಟ ಬಣ್ಣಕ್ಕೂ ಹೋಲಿಸಬಾರದು.

ಇನ್ನೊಂದು. ಎಣ್ಣೆಯಿಂದ ತೆಗೆದ ಅಲಗು ಕೈಗೆ ಬೆಚ್ಚಗಾದ ಕೂಡಲೇ ಓವನ್ನಿಗೆ ಹೋಗಬೇಕು. ನಾಳೆ ಮಾಡಿದರಾಯ್ತು ಅಂತ ಇಟ್ಟರೆ ರಾತ್ರಿ ಕಪಾಟಿನಲ್ಲೇ ‘ಟಿಣ್’ ಅನ್ನಬಹುದು.

ಒಲೆ ಮುಂದಿನ ಅಕ್ಕ, ಧಾರವಾಡ – ಮಂಗಳವಾರ, ಮಧ್ಯಾಹ್ನ 12:48

ಓದಿ ತೋರಿಸಿದೆ. ಈಗ ಮರಳು ತರಲು ಹೋಗಿದ್ದಾನೆ. ಎಣ್ಣೆ ಒರೆಸದೆ ನನ್ನ ಓವನ್ನಿಗೆ ಇಡಬಾರದು ಅಂತ ನೀವೇ ಒಂದು ಸಾಲು ಬರೆಯಿರಿ. ನನ್ನ ಮಾತು ಕೇಳಲ್ಲ. ಕೇಕೆಲ್ಲ ಕರಿದ ವಾಸನೆ.

ಬಿ ಶಿಫ್ಟ್ – ಮಂಗಳವಾರ, ಮಧ್ಯಾಹ್ನ 12:50

ತಮ್ಮಾ, ಸೋಪು ಹಾಕಿ ತೊಳೆದು ಒಣಗಿಸಿ ಇಡು.

ಸಾಣೆಕಲ್ಲು, ಹುಬ್ಬಳ್ಳಿ – ಮಂಗಳವಾರ, ರಾತ್ರಿ 9:05

ಎಲ್ಲರಿಗೂ ಥ್ಯಾಂಕ್ಸ್. ಒಂದು ಅನುಮಾನ. ನನ್ನ ಹತ್ತಿರ ಫರ್ನೇಸ್ ಇಲ್ಲ, ಡಿಗ್ರಿ ತೋರಿಸುವ ಮೀಟರ್ ಇಲ್ಲ. 830 ಅಂತ ಹೇಗೆ ಗೊತ್ತಾಗಬೇಕು? ಮತ್ತೆ ಎಣ್ಣೆ ಯಾವುದು? ಮೊದಲಿನ ಎರಡು ಚಾಕು ಗ್ಯಾರೇಜಿನ ಹಳೆ ಎಂಜಿನ್ ಆಯಿಲಿಗೆ ಹಾಕಿದ್ದೆ. ಹೊಗೆಗೆ ಪಕ್ಕದ ಮನೆಯವರು ಜಗಳಕ್ಕೆ ಬಂದಿದ್ದರು.

ಕುಲುಮೆ ಮನಿ, ಗದಗ – ಮಂಗಳವಾರ, ರಾತ್ರಿ 9:30

ಕೆಟ್ಟುಹೋದ ಸ್ಪೀಕರಿನ ಅಯಸ್ಕಾಂತ ಒಂದು ತಂತಿಗೆ ಕಟ್ಟಿಕೊಳ್ಳಿ. ಕಾದ ಅಲಗಿಗೆ ಮುಟ್ಟಿಸುತ್ತಾ ಇರಿ. ಒಂದು ಹಂತಕ್ಕೆ ಹಿಡಿಯುವುದನ್ನು ಬಿಟ್ಟುಬಿಡುತ್ತದೆ. ಅದರ ಮೇಲೆ ಒಂದು ಛಾಯೆ ಬೆಳಕು ಬಂದರೆ ಸಾಕು. ನೆನಪಿರಲಿ, ಸಂಜೆ ದೀಪ ಹಚ್ಚುವ ಹೊತ್ತಿಗೆ.

ಬಿ ಶಿಫ್ಟ್ – ಮಂಗಳವಾರ, ರಾತ್ರಿ 11:40

ಸರಿಯಾದ ಮಾತು. ಅಯಸ್ಕಾಂತ ಬಿಡುವುದು ಸುಮಾರು 770ರ ಹೊತ್ತಿಗೆ. ಅಲ್ಲಿಗೇ ನಿಲ್ಲಿಸಿದರೆ ಹದ ಅರೆಬರೆ. ಇನ್ನೊಂದು ಗುರುತು ಅಡುಗೆ ಉಪ್ಪು. ಅದು 801 ಡಿಗ್ರಿಗೆ ಕರಗುತ್ತದೆ. ಅಲಗಿನ ಮೇಲೆ ಒಂದು ಚಿಟಿಕೆ ಉದುರಿಸಿ, ಕರಗಿ ಒದ್ದೆಯಾದ ಹಾಗೆ ಹರಡಿದರೆ 800 ದಾಟಿತು ಅಂತ. ಮೇಲಿನ ಮಿತಿ ಮಾತ್ರ ಕಣ್ಣಿನದ್ದೇ. ಕಿತ್ತಳೆ ಕಡೆ ಹೋಗಲು ಬಿಡಬೇಡಿ.

ಎಣ್ಣೆಗೆ ಎಂಜಿನ್ ಆಯಿಲ್ ಬೇಡವೇ ಬೇಡ. ಹೊಗೆ ವಿಷ, ಒಳಗೆ ಏನೇನಿದೆಯೋ. ಶೇಂಗಾ ಎಣ್ಣೆ ಚೆನ್ನಾಗಿ ಕೆಲಸ ಮಾಡುತ್ತದೆ. ನಾಲ್ಕು ಲೀಟರ್ ಆದರೂ ಬೇಕು, ಕಡಿಮೆ ಇದ್ದರೆ ಎಣ್ಣೆಯೇ ಕಾದುಬಿಡುತ್ತದೆ. ಹಾಕುವ ಮುಂಚೆ 50–60 ಡಿಗ್ರಿಗೆ ಬೆಚ್ಚಗೆ ಮಾಡಿ. ಎಣ್ಣೆ ಬೆಚ್ಚಗಿದ್ದರೆ ತೆಳ್ಳಗಾಗಿ ಬೇಗ ಬಿಸಿ ಎಳೆಯುತ್ತದೆ. ತಣ್ಣಗಿದ್ದರೆ ಬೇಗ ತಣಿಸುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಉಲ್ಟಾ. ತುದಿ ಕೆಳಗೆ ಮಾಡಿ ನೆಟ್ಟಗೆ ಇಳಿಸಿ. ಅಲ್ಲಾಡಿಸಿದರೆ ಬಾಯಿ–ಬೆನ್ನಿನ ದಿಕ್ಕಿಗೆ ಅಲ್ಲಾಡಿಸಿ. ಅಡ್ಡಡ್ಡ ಅಲ್ಲಾಡಿಸಿದರೆ ಸೊಟ್ಟಗಾಗುತ್ತದೆ.

ಪಾತ್ರೆ ಕಬ್ಬಿಣದ್ದು, ಉದ್ದನೆಯದು, ಮುಚ್ಚಳ ಇರುವಂಥದ್ದು. ಪ್ಲಾಸ್ಟಿಕ್ ಡಬ್ಬಿಗೆ ಹಾಕಿದವರನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಳ ಮುಚ್ಚಿ. ನೀರು ಹಾಕಬೇಡಿ.

ಮೊದಲಿನ ಎರಡಕ್ಕೆ ಬಾಯಿ ನಿಲ್ಲದ್ದಕ್ಕೆ ನನ್ನ ಅಂದಾಜು: ಆ ಆಯಿಲ್ ತಣ್ಣಗೆ, ದಪ್ಪ. ಜೊತೆಗೆ ಜಾಸ್ತಿ ಕಾಯಿಸಿದರೆ ಮೇಲಿನ ಪದರದ ಕಾರ್ಬನ್ ಸುಟ್ಟುಹೋಗುತ್ತದೆ. ಬಾಯಿ ಮೊದಲೇ ತೆಳ್ಳಗೆ ಮಾಡಿದ್ದರೆ ಬಾಯಿಯೆಲ್ಲ ಆ ಸುಟ್ಟ ಪದರವೇ. ಎಷ್ಟು ಸಾಣೆ ಹಿಡಿದರೂ ಮೊಂಡು.

ಒಲೆ ಮುಂದಿನ ಅಕ್ಕ, ಧಾರವಾಡ – ಬುಧವಾರ, ಬೆಳಿಗ್ಗೆ 8:20

ಶೇಂಗಾ ಎಣ್ಣೆ ನಾಲ್ಕು ಲೀಟರ್! ಈಗಿನ ರೇಟಿಗೆ? ಕುಸುಬಿ ಎಣ್ಣೆ ನಡೆಯಲ್ವಾ? ಮನೆಯಲ್ಲಿ ಹಳೆಯದು ಬಿದ್ದಿದೆ.

ಬಿ ಶಿಫ್ಟ್ – ಬುಧವಾರ, ಬೆಳಿಗ್ಗೆ 9:00

ಒಂದೆರಡು ಸಲಕ್ಕೆ ನಡೆಯುತ್ತದೆ. ಆದರೆ ಕುಸುಬಿ ಬೇಗ ಅಂಟಂಟಾಗುತ್ತದೆ, ಡಬ್ಬಿ ಗೋಡೆಗೆ ಗೋಂದಿನ ಹಾಗೆ ಕಟ್ಟುತ್ತದೆ. ಬಜ್ಜಿ ಕರಿದು ಉಳಿದ ಶೇಂಗಾ ಎಣ್ಣೆ ಸೋಸಿಟ್ಟುಕೊಂಡು ಕೂಡಿಸಲಿ. ನೀರಿನ ಹನಿ ಇರಬಾರದು. ಮಿರ್ಚಿ ವಾಸನೆ ಬರುವ ಚಾಕು ಆಗುತ್ತದೆ ಅಷ್ಟೇ.

ಹೊಲದ ದಾರಿ, ಹಾವೇರಿ – ಬುಧವಾರ, ರಾತ್ರಿ 8:15

ನಂದೂ ಒಂದು ಸೋತ ಕಥೆ ಇದೆ, ಹೇಳಿಬಿಡುತ್ತೇನೆ. ಬೇರಿಂಗ್ ಉಕ್ಕು ಬಲು ಚಲೋ ಅಂತ ಕೇಳಿ ಟ್ರಾಕ್ಟರ್ ಚಕ್ರದ ಹಳೆ ಟೇಪರ್ ಬೇರಿಂಗಿನ ಹೊರ ಬಳೆ ಬಿಚ್ಚಿ, ನೆಟ್ಟಗೆ ಮಾಡಿಸಿ ಚೂರಿ ಮಾಡಿಸಿದೆ. ಎಣ್ಣೆಗೇ ಹಾಕಿಸಿದೆ, ನೀರಿಗಲ್ಲ! ಅರ ಹಾಕಿದರೆ ಕರ ಕರ ಅಂತ ಕಚ್ಚುತ್ತದೆ. ಮೆತ್ತಗೆ. ಎರಡನೇ ಸಲ ಹಾಕಿಸಿದರೂ ಅಷ್ಟೇ.

ಇನ್ನೊಂದು, ಸಂತೆಯಲ್ಲಿ ಪವರ್ ಹ್ಯಾಕ್ಸಾ ಬ್ಲೇಡಿನ ಚಾಕು ಮಾರುತ್ತಾರಲ್ಲ, ಅದರ ಬಾಯಿ ವರ್ಷಗಟ್ಟಲೆ ನಿಲ್ಲುತ್ತದೆ. ಅದೇ ಬ್ಲೇಡ್ ತಂದು ಕುಲುಮೆಗೆ ಹಾಕಿಸಿ ಬಡಿಸಿದರೆ ಕೆಲಸಕ್ಕೆ ಬರಲಿಲ್ಲ. ಇದೇನು ಮಾಟ?

ಬಿ ಶಿಫ್ಟ್ – ಗುರುವಾರ, ಬೆಳಿಗ್ಗೆ 10:20

ಮಾಟ ಅಲ್ಲ ಅಣ್ಣಾ. ಗುಂಡು ಬಾಲ್ ಇರುವ ಸಾಮಾನ್ಯ ಬೇರಿಂಗಿನಲ್ಲಿ 1 ಪರ್ಸೆಂಟ್ ಕಾರ್ಬನ್, 1.5 ಪರ್ಸೆಂಟ್ ಕ್ರೋಮಿಯಂ ಇರುತ್ತದೆ. ಇಎನ್ 31 ಅಂತಾರೆ. ಅದು ಒಳ್ಳೆ ಚಾಕು ಆಗುತ್ತದೆ. ಆದರೆ ಟೇಪರ್ ರೋಲರ್ ಬೇರಿಂಗುಗಳಲ್ಲಿ ಎಷ್ಟೋ ಬೇರೆ ಜಾತಿಯವು. ಕಡಿಮೆ ಕಾರ್ಬನ್ ಉಕ್ಕಿಗೆ ಮೇಲಿನ ಚರ್ಮಕ್ಕೆ ಮಾತ್ರ ಕಾರ್ಬನ್ ತಿನ್ನಿಸಿರುತ್ತಾರೆ. ಹೊರಗೆ ಕಲ್ಲು, ಒಳಗೆ ಮೆತ್ತಗೆ. ಬಡಿದು, ಉಜ್ಜಿ ಚರ್ಮ ತೆಗೆದ ಮೇಲೆ ಉಳಿದದ್ದು ಬರೀ ಮೆತ್ತಗಿನದು. ಅದನ್ನು ಯಾವ ಎಣ್ಣೆಯೂ ಗಟ್ಟಿ ಮಾಡಲ್ಲ.

ಹ್ಯಾಕ್ಸಾ ಬ್ಲೇಡ್ ಹೈ ಸ್ಪೀಡ್ ಸ್ಟೀಲ್. ಅದಕ್ಕೆ ಹದ ಕೊಡಲು 1200 ಡಿಗ್ರಿ ಹತ್ತಿರ ಬೇಕು, ಆಮೇಲೆ 550ರಲ್ಲಿ ಮತ್ತೆ ಮತ್ತೆ ಹದ ಇಳಿಸಬೇಕು. ನಮ್ಮ ಇದ್ದಿಲ ಕುಲುಮೆಯ ಕೆಲಸ ಅಲ್ಲ. ಸಂತೆಯವನು ಜಾಣ, ಬೆಂಕಿಗೇ ಹಾಕುವುದಿಲ್ಲ. ಇದ್ದ ಹಾಗೇ ಸಾಣೆ ಹಿಡಿದು ಆಕಾರ ಮಾಡುತ್ತಾನೆ.

ಸಾಣೆಕಲ್ಲು ಅವರಿಗೆ ಒಂದು ಮಾತು. ಮುಂದಿನ ಚಾಕುವಿಗೆ ಕೈ ಹಾಕುವ ಮುಂಚೆ ಅದೇ ಪಟ್ಟಿಯಿಂದ ಬೆರಳುದ್ದದ ನಾಲ್ಕು ತುಂಡು ಮಾಡಿ. ನಾಲ್ಕಕ್ಕೂ ಬೇರೆ ಬೇರೆ ಬಿಸಿ ಕೊಟ್ಟು ಎಣ್ಣೆಗೆ ಹಾಕಿ, ವೈಸಿಗೆ ಸಿಕ್ಕಿಸಿ ಮುರಿಯಿರಿ. ಕಣ್ಣಿಗೆ ಕನ್ನಡಕ, ತುಂಡಿನ ಮೇಲೆ ದಪ್ಪ ಬಟ್ಟೆ. ಸಿಡಿದರೆ ಗುಂಡಿನ ಹಾಗೆ ಬರುತ್ತದೆ.

ಸಾಣೆಕಲ್ಲು, ಹುಬ್ಬಳ್ಳಿ – ಮುಂದಿನ ಸೋಮವಾರ, ರಾತ್ರಿ 10:10

ಮಾಡಿದೆ. ನಿನ್ನೆ ಸಂಜೆ ಪೂರ್ತಿ ಅದೇ ಕೆಲಸ. ಹಿತ್ತಲ ಬಲ್ಬ್ ಆರಿಸಿ, ಅಯಸ್ಕಾಂತ ಹಿಡಿದುಕೊಂಡು ಕೂತೆ.

ಮೊದಲನೆಯದು, ಅಯಸ್ಕಾಂತ ಬಿಟ್ಟ ಕೂಡಲೇ ಎಣ್ಣೆಗೆ ಹಾಕಿದ್ದು. ಅರ ಸ್ವಲ್ಪ ಕಚ್ಚಿತು. ಮುರಿಯಲು ಹೋದರೆ ಮೊದಲು ಬಗ್ಗಿತು, ಆಮೇಲೆ ಹರಿದ ಹಾಗೆ ಮುರಿಯಿತು.

ಎರಡನೆಯದಕ್ಕೆ ಇನ್ನೊಂದು ಛಾಯೆ ಬಿಸಿ. ಉಪ್ಪು ಕರಗಿ ಹರಡಿತು. ಅರ ಜಾರಿತು. ಮುರಿಯಲು ಸಾಕಷ್ಟು ಜೋರು ಬೇಕಾಯಿತು. ಮುಖ ನೀವು ಹೇಳಿದ ಹಾಗೇ ಬೂದಿ ಬಣ್ಣ, ನುಣುಪು.

ಮೂರನೆಯದನ್ನು ಬೇಕಂತಲೇ ಕಿತ್ತಳೆ ಮಾಡಿದೆ. ಇದಕ್ಕೂ ಅರ ಜಾರಿತು. ಎರಡನೆಯದಕ್ಕೂ ಇದಕ್ಕೂ ಅರದಲ್ಲಿ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ! ಆದರೆ ಸುತ್ತಿಗೆಯ ಒಂದೇ ಸಣ್ಣ ಏಟಿಗೆ ಹಾರಿಹೋಯಿತು. ಒಳಗೆ ಅದೇ ಉಪ್ಪಿಟ್ಟಿನ ರವಾ. ಅಂದರೆ ನಾನು ಇಷ್ಟು ದಿನ ಅರ ಜಾರಿತು ಅಂತ ಸಮಾಧಾನ ಪಡುತ್ತಿದ್ದದ್ದಕ್ಕೆ ಅರ್ಥವೇ ಇರಲಿಲ್ಲ.

ನಾಲ್ಕನೆಯದು ನನ್ನದೇ ತಲೆ. ಮೂರನೆಯದರ ಹಾಗೆ ಕಿತ್ತಳೆ ಮಾಡಿ ಕೆಡಿಸಿದೆ. ಆಮೇಲೆ ಅದನ್ನು ಸರಿಯಾದ ಬಿಸಿಗೆ ಕಾಯಿಸಿ, ಗಾಳಿಯಲ್ಲಿ ಕಪ್ಪಾಗುವ ತನಕ ಆರಿಸಿದೆ. ಹೀಗೆ ಮೂರು ಸಲ, ಪ್ರತಿ ಸಲ ಒಂಚೂರು ಕಡಿಮೆ ಬಿಸಿ. ಯಾವುದೋ ವಿಡಿಯೋದಲ್ಲಿ ನೋಡಿದ್ದೆ. ಕೊನೆಗೆ ಎಣ್ಣೆ. ಮುರಿದರೆ ಎರಡನೆಯದರಷ್ಟೇ ನುಣುಪು! ಕೆಟ್ಟದ್ದು ವಾಪಸ್ ಬಂತು.

ಆರುವಾಗ ಒಂದು ನೋಡಿದೆ. ಕೆಂಪು ಇಳಿಯುತ್ತಾ ಇಳಿಯುತ್ತಾ ನಡುವೆ ಒಂದು ಕ್ಷಣ ಮತ್ತೆ ಬೆಳಕಾಯಿತು. ಬೂದಿ ಮುಚ್ಚಿದ ಕೆಂಡಕ್ಕೆ ಉಫ್ ಅಂದ ಹಾಗೆ. ಇದು ನಿಜವಾ, ನನ್ನ ಕಣ್ಣಿನ ಭ್ರಮೆಯಾ?

ಬಿ ಶಿಫ್ಟ್ – ಸೋಮವಾರ, ರಾತ್ರಿ 11:35

ನಿಜ. ಹರಳಿನ ಜೋಡಣೆ ವಾಪಸ್ ಬದಲಾಗುವಾಗ ಉಕ್ಕು ಬಿಸಿ ಬಿಡುತ್ತದೆ, ಅದರ ಬೆಳಕು ಅದು. ಕಾಯಿಸುವಾಗಲೂ ಇದರ ಉಲ್ಟಾ ಕಾಣುತ್ತದೆ. ಅಲಗಿನ ಮೇಲೆ ಒಂದು ನೆರಳು ಓಡಿದ ಹಾಗೆ. ಆ ನೆರಳು ಪೂರ್ತಿ ಹೋದ ಮೇಲೆ ಸ್ವಲ್ಪ ತಡೆದರೆ ನಿಮಗೆ ಬೇಕಾದ ಬಿಸಿ. ಕತ್ತಲಲ್ಲಿ ಮಾತ್ರ ಕಾಣುತ್ತದೆ. ಇದನ್ನು ನೋಡಲು ಕಲಿತರೆ ಅಯಸ್ಕಾಂತ ಬೇಕಾಗಲ್ಲ.

ನಾಲ್ಕನೇ ತುಂಡಿಗೆ ನನ್ನ ಕಡೆಯಿಂದ ಶಹಬ್ಬಾಸ್. ನಾನು ಹೇಳಬೇಕಿತ್ತು, ಮರೆತಿದ್ದೆ. ಗಟ್ಟಿ ಮಾಡುವ ಮುಂಚೆ ಮೂರು ಸಲ ಹಾಗೆ ಗಾಳಿಗೆ ಆರಿಸುವುದು ಯಾವಾಗಲೂ ಒಳ್ಳೆಯದು.

ಕುಲುಮೆ ಮನಿ, ಗದಗ – ಮಂಗಳವಾರ, ಬೆಳಿಗ್ಗೆ 7:00

ಆ ನೆರಳಿನ ಮಾತು ಅಪ್ಪನನ್ನು ಕೇಳಿದೆ. ‘ಮೋಡ ಸರಿದಂಗ’ ಅಂದರು. ಗೊತ್ತಿತ್ತು ಅವರಿಗೆ!

ಸಾಣೆಕಲ್ಲು, ಹುಬ್ಬಳ್ಳಿ – ಭಾನುವಾರ, ರಾತ್ರಿ 9:15

ನಾಲ್ಕನೇ ಚಾಕು ಆಯಿತು. ಬಾಯಿ 1 ಮಿ.ಮೀ. ಬಿಟ್ಟು, ಮೂರು ಸಲ ಗಾಳಿಗೆ ಆರಿಸಿ, ನೆರಳು ಸರಿದ ಮೇಲೆ ಬೆಚ್ಚಗಿನ ಶೇಂಗಾ ಎಣ್ಣೆಗೆ. ಸದ್ದಿಲ್ಲ. ಸೋಪು ಹಾಕಿ ತೊಳೆದು (ಅಕ್ಕಾ, ನೋಡಿ!) 200ರಲ್ಲಿ ಎರಡು ಗಂಟೆ, ಮತ್ತೆ ಎರಡು ಗಂಟೆ. ಗೋಧಿ ಬಣ್ಣ ಬಂದಿದೆ. ಪರಿಚಯದ ಒಬ್ಬರು ಕಾಲೇಜಿನ ಲ್ಯಾಬಿನಲ್ಲಿ ಗಡಸು ಅಳೆಯುವ ರಾಕ್‌ವೆಲ್ ಮಷಿನಿಗೆ ಇಟ್ಟು ನೋಡಿದರು. ಬೆನ್ನಿನ ಹತ್ತಿರ ಮೂರು ಕಡೆ ಒತ್ತಿದಾಗ 57, 57, 56 ಬಂತು. ಹಿಡಿಯ ಪಕ್ಕದಲ್ಲಿ ಮಾತ್ರ 49.

ಮನೆಯಲ್ಲಿ ಹಿತ್ತಾಳೆ ಸರಳಿನ ಮೇಲೆ ಬಾಯಿ ಒತ್ತಿ ಎಳೆದೆ. ಉದ್ದಕ್ಕೂ ಬಾಯಿ ಬಗ್ಗಿ ವಾಪಸ್ ಬರುತ್ತದೆ. ಹಿಡಿಯ ಪಕ್ಕದ ಒಂದು ಇಂಚಿನಲ್ಲಿ ಮಾತ್ರ ಬಗ್ಗಿದ್ದು ಹಾಗೇ ನಿಲ್ಲುತ್ತದೆ. ಅವ್ವ ಅದರಲ್ಲೇ ಈರುಳ್ಳಿ ಹೆಚ್ಚುತ್ತಿದ್ದಾಳೆ, ಈಳಿಗಿ ಮಣೆ ಬಿಟ್ಟಿಲ್ಲ ಆದರೂ. ಆ ಒಂದು ಇಂಚು ಯಾಕೆ ಹಾಗಾಯಿತು?

ಕುಲುಮೆ ಮನಿ, ಗದಗ – ಭಾನುವಾರ, ರಾತ್ರಿ 9:50

ಬ್ರೇಕ್ ಡ್ರಮ್ಮಿನ ಕುಲುಮೆಯಲ್ಲಿ ಗಾಳಿ ಬರುವುದು ಒಂದೇ ತೂತಿನಿಂದ. ಕೆಂಡ ಜೋರಿರುವುದು ಅದರ ಮೇಲೆ ಸ್ವಲ್ಪ ಜಾಗದಲ್ಲಿ ಮಾತ್ರ. 8 ಇಂಚಿನ ಅಲಗು ಅದರಲ್ಲಿ ಹಿಡಿಸಲ್ಲ, ಹಿಡಿಯ ಕಡೆ ಹೊರಗೆ ಉಳಿದಿದೆ. ನೀವು ತುದಿಯನ್ನೇ ನೋಡುತ್ತಿದ್ದಿರಿ. ಅಲಗನ್ನು ಸಾವಕಾಶ ಹಿಂದೆ ಮುಂದೆ ಆಡಿಸುತ್ತಾ ಇರಬೇಕು, ದೋಸೆ ಹಂಚಿಗೆ ಎಣ್ಣೆ ಸವರಿದ ಹಾಗೆ. ದಪ್ಪ ಇರುವ ಕಡೆ ಮೊದಲು ಕಾಯಲಿ, ತುದಿ ಕೊನೆಗೆ. ತುದಿ ತೆಳು, ತಾನೇ ಕಾಯುತ್ತದೆ.

ಬುಧವಾರ ಸಂಜೆ ಗದಗಿಗೆ ಬರ್ರಿ. ನಮ್ಮ ಕುಲುಮೆ ಉದ್ದ ಇದೆ, ಅದೇ ಚಾಕು ಮತ್ತೊಮ್ಮೆ ಹಾಕೋಣ. ಬರುವಾಗ ಆ ಮೂರನೇ ತುಂಡು ತನ್ನಿ. ರವಾ ಇರುವುದು. ಅಪ್ಪ ಕೈಯಲ್ಲಿ ಹಿಡಿದು ನೋಡಬೇಕಂತೆ.

ಸಾಣೆಕಲ್ಲು, ಹುಬ್ಬಳ್ಳಿ – ಭಾನುವಾರ, ರಾತ್ರಿ 9:58

ಬರ್ತೀನಿ. ಎಣ್ಣೆ ತರಬೇಕಾ?

ಕುಲುಮೆ ಮನಿ, ಗದಗ – ಭಾನುವಾರ, ರಾತ್ರಿ 10:01

ತಗೊಂಡು ಬರ್ರಿ. ನಮ್ಮಲ್ಲಿ ಬರೀ ನೀರಿನ ಕಲ್ಲುಬಾನಿ ಐತಿ.